ಒಳಗಿನ ಸುಖವೂ ಓಟದ ಸಾಮರ್ಥ್ಯವೂ: ವಿದ್ಯುತ್ ಕುಟುಂಬ ಕಾರಿನ ಆಯ್ಕೆಯ ಚರಿತ್ರೆ

ವಿದ್ಯುಚ್ಛಕ್ತಿಯಿಂದ ನಡೆಯುವ ಕಾರೊಂದನ್ನು ಮನೆಮಂದಿಯ ಉಪಯೋಗಕ್ಕಾಗಿ ಆರಿಸಿಕೊಳ್ಳುವವರ ಮುಂದೆ ಇಂದು ಬರುವ ಪ್ರಶ್ನೆಗಳಲ್ಲಿ ಇದೂ ಒಂದು: ಒಳಗೆ ಕುಳಿತವರ ಸುಖಕ್ಕೆ ಹೆಚ್ಚಿನ ಬೆಲೆ ಕೊಡಬೇಕೆ, ಗಾಡಿಯ ಓಟದ ಸಾಮರ್ಥ್ಯಕ್ಕೆ ಕೊಡಬೇಕೆ? ಮೇಲ್ನೋಟಕ್ಕೆ ಇದು ವ್ಯಾಪಾರದ ಪ್ರಶ್ನೆ. ಚರಿತ್ರೆಯ ಅಭ್ಯಾಸಿಗಳಿಗೆ ಇದರಲ್ಲಿ ಏನು ಕೆಲಸವೆಂದು ಕೇಳುವವರೂ ಉಂಟು. ಆದರೆ ಇದೇ ಪ್ರಶ್ನೆಯನ್ನು ಅಮೆರಿಕದ ಗೃಹಸ್ಥರು 1910ರ ಸುಮಾರಿನಲ್ಲಿಯೇ ಕೇಳಿಕೊಂಡಿದ್ದರು. ಅವರು ಕಂಡುಕೊಂಡ ಉತ್ತರವು, ವಿದ್ಯುತ್ ಕಾರು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ರಸ್ತೆಗಳಿಂದ ಬಹುಮಟ್ಟಿಗೆ ಮರೆಯಾಗಿ ಹೋದುದಕ್ಕೆ ಒಂದು ಕಾರಣವಾಯಿತು. ಆದುದರಿಂದ ಈ ಪ್ರಶ್ನೆಯ ಹಿನ್ನೆಲೆಯನ್ನು ಶೋಧಿಸುವುದು ಅನವಶ್ಯಕವಾದ ಕೆಲಸವೆಂದು ನಮಗೆ ತೋರುವುದಿಲ್ಲ. ಸುಖ ಮತ್ತು ಸಾಮರ್ಥ್ಯಗಳು ಒಂದೇ ತಕ್ಕಡಿಯ ಎರಡು ತಟ್ಟೆಗಳು, ಒಂದು ಏರಿದರೆ ಇನ್ನೊಂದು ಇಳಿಯಲೇಬೇಕು ಎಂಬ ಕಲ್ಪನೆ ಯಂತ್ರದ ಸ್ವಭಾವದಿಂದ ಹುಟ್ಟಿದುದಲ್ಲ; ಒಂದೇ ಒಂದು ಕಾರನ್ನು ಕೊಳ್ಳಬಲ್ಲ ಮನೆಗಳಲ್ಲಿ ಯಾರ ಮಾತು ನಡೆಯಿತು ಎಂಬುದರಿಂದ ಹುಟ್ಟಿತು. ಇದು ಈ ಲೇಖನದಲ್ಲಿ ನಾವು ತೋರಿಸಬಯಸುವ ವಿಷಯ.

ವಿದ್ಯುತ್ ಕಾರು ಮೊದಲಿನಿಂದಲೂ ಮಂದಗತಿಯದು, ಹೊಗೆಯಿಲ್ಲದ ಸದ್ದಿಲ್ಲದ ಸಾಧು ವಾಹನ ಎಂಬ ಅಭಿಪ್ರಾಯ ಬಹು ಪ್ರಚಾರದಲ್ಲಿದೆ. ದಾಖಲೆಗಳು ಇದನ್ನು ಒಪ್ಪುವುದಿಲ್ಲ. 1899ರ ಏಪ್ರಿಲ್ 29ರಂದು ಪ್ಯಾರಿಸ್ ನಗರದ ಸಮೀಪದ ಆಶೇರ್ ಎಂಬಲ್ಲಿ ಬೆಲ್ಜಿಯಂ ದೇಶದ ಕಾಮಿಲ್ ಜೆನಾಟ್ಸಿ ಎಂಬಾತನು ನಡೆಸಿದ, ಗಂಟೆಗೆ 100 ಕಿಲೋಮೀಟರುಗಳ ವೇಗವನ್ನು ದಾಟಿದ ಪ್ರಥಮ ರಸ್ತೆವಾಹನವು ವಿದ್ಯುತ್ ವಾಹನವೇ ಆಗಿದ್ದಿತು. ಗಂಟೆಗೆ 105 ಕಿಲೋಮೀಟರಿಗೂ ಮಿಕ್ಕ ವೇಗವನ್ನು ಅದು ಮುಟ್ಟಿತು. ಕ್ಲೀವ್‌ಲೆಂಡಿನ ವಾಲ್ಟರ್ ಬೇಕರ್ ಎಂಬಾತನು 1902ರಲ್ಲಿ ನ್ಯೂಯಾರ್ಕಿನ ಸ್ಟ್ಯಾಟನ್ ದ್ವೀಪದಲ್ಲಿ ತನ್ನ ‘ಟಾರ್ಪೀಡೊ’ ಎಂಬ ವಿದ್ಯುತ್ ವಾಹನವನ್ನು ವೇಗಪರೀಕ್ಷೆಗೆ ಇಳಿಸಿದಾಗ ಹಿಡಿತ ತಪ್ಪಿ, ನೋಡಲು ನೆರೆದಿದ್ದವರಲ್ಲಿ ಸಾವುಂಟಾಯಿತು. ಇದೇ ಬೇಕರನ ಕಂಪನಿಯು ಮುಂದೆ ರೇಷ್ಮೆಯ ಪರದೆ, ಮೆತ್ತನೆಯ ಪೀಠಗಳ ಶಾಂತವಾದ ಗಾಡಿಗಳಿಗೆ ಹೆಸರಾಯಿತೆಂಬುದು ಗಮನಿಸತಕ್ಕ ಅಂಶ. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ 1900ರಲ್ಲಿ ತಯಾರಾದ ಸುಮಾರು 4,190 ಮೋಟಾರು ಗಾಡಿಗಳಲ್ಲಿ ಉಗಿಯವು 1,681, ವಿದ್ಯುತ್ತಿನವು 1,575, ಪೆಟ್ರೋಲಿನವು 936 ಮಾತ್ರ. ಆ ವರ್ಷ ಯಾವ ಜಾಣನೂ ಪೆಟ್ರೋಲಿನ ಮೇಲೆಯೇ ಪಣವೊಡ್ಡಬೇಕಾದ ಕಾರಣವಿರಲಿಲ್ಲ.

ಮುಂದಿನ ಹತ್ತು ವರ್ಷಗಳಲ್ಲಿ ಪರಿಸ್ಥಿತಿ ಬದಲಾಯಿತು. ಪೆಟ್ರೋಲ್ ಕಾರು ದೂರದೂರಿಗೆ ಹೋಗುವ ಪ್ರವಾಸದ ಗಾಡಿಯಾಗಿ ಬೆಳೆಯಿತು. ವಿದ್ಯುತ್ ಕಾರು ಪಟ್ಟಣದೊಳಗಿನ ಗಾಡಿಯಾಗಿ ನೆಲೆನಿಂತಿತು. ಡೆಟ್ರಾಯಿಟ್ ನಗರದಲ್ಲಿ ಕುದುರೆಗಾಡಿಗಳನ್ನು ಕಟ್ಟುತ್ತಿದ್ದ ಆಂಡರ್ಸನ್ ಕಂಪನಿ 1907ರಲ್ಲಿ ಆರಂಭಿಸಿದ ‘ಡೆಟ್ರಾಯಿಟ್ ಇಲೆಕ್ಟ್ರಿಕ್’ ಈ ವರ್ಗದ ಪ್ರತಿನಿಧಿ. ಅದರ ವೇಗ ಗಂಟೆಗೆ ಸುಮಾರು 20ರಿಂದ 25 ಮೈಲಿ. ಒಂದು ಸಲ ಚಾರ್ಜು ತುಂಬಿದರೆ 80 ಮೈಲಿ ಓಡುವುದೆಂದು ಕಂಪನಿ ಜಾಹೀರು ಮಾಡುತ್ತಿದ್ದಿತು; ಎಡಿಸನ್ನನ ನಿಕ್ಕಲ್-ಕಬ್ಬಿಣದ ಬ್ಯಾಟರಿಯೊಡನೆ ನಡೆದ ಒಂದು ಪರೀಕ್ಷೆಯಲ್ಲಿ 211 ಮೈಲಿ ಓಡಿದುದೂ ಉಂಟು. 1939ರವರೆಗೆ ಇಂಥ ಸುಮಾರು 13,000 ಗಾಡಿಗಳು ತಯಾರಾದವು.

ಈ ಗಾಡಿಯ ಒಳಭಾಗವನ್ನು ಸ್ವಲ್ಪ ವಿವರವಾಗಿ ನೋಡಬೇಕು. ನಮ್ಮ ವಾದದ ಬಹುಭಾಗ ಅಲ್ಲಿಯೇ ಅಡಗಿದೆ. ಇದು ನಾಲ್ಕೂ ಕಡೆ ಗಾಜಿನಿಂದ ಮುಚ್ಚಿದ, ಎತ್ತರವಾದ ಚಾವಣಿಯುಳ್ಳ ಸಣ್ಣದೊಂದು ದಿವಾನಖಾನೆ. ಹಿಂಬದಿಯಲ್ಲಿ ಸೋಫಾದಂತಹ ಉದ್ದನೆಯ ಪೀಠ. ಮುಂದುಗಡೆಯ ಪೀಠವು ಹಿಂದಕ್ಕೆ ಮುಖ ಮಾಡಿರುತ್ತಿದ್ದಿತು, ಅಥವಾ ಬೇಕಾದಂತೆ ತಿರುಗಿಸಿಕೊಳ್ಳಬಹುದಾಗಿದ್ದಿತು. ಗಾಡಿಯನ್ನು ನಡೆಸುವವರು ಮುಂದೆ ಕೂರುತ್ತಿರಲಿಲ್ಲ. ಹಿಂಬದಿಯ ಪೀಠದ ಎಡತುದಿಯಲ್ಲಿ ಕುಳಿತು, ಸ್ಟಿಯರಿಂಗ್ ಚಕ್ರಕ್ಕೆ ಬದಲಾಗಿ ಒಂದು ಅಡ್ಡಹಿಡಿಯನ್ನು ಹಿಡಿದು ನಡೆಸುತ್ತಿದ್ದರು. ಎದುರಿಗೆ ಕುಳಿತವರ ತಲೆ ರಸ್ತೆಗೆ ಅಡ್ಡ ಬರುತ್ತಿದ್ದಿತು, ನಿಜ. ಈ ತೊಡಕನ್ನು ಕಂಡೇ ರೌಕ್ ಅಂಡ್ ಲ್ಯಾಂಗ್ ಕಂಪನಿಯವರು ಮುಂದಿನ ಪೀಠದಿಂದಲೂ ಹಿಂದಿನ ಪೀಠದಿಂದಲೂ ನಡೆಸಬಹುದಾದ ಗಾಡಿಯನ್ನು ತಯಾರಿಸಿದರು. ಆದರೆ ಇಂತಹ ರಚನೆಯಲ್ಲಿ ಸಾರಥಿಗೂ ಸವಾರರಿಗೂ ಭೇದವಿರಲಿಲ್ಲವೆಂಬುದನ್ನು ಗಮನಿಸಬೇಕು. ನಡೆಸುವವಳು, ಏಕೆಂದರೆ ಅನೇಕ ವೇಳೆ ನಡೆಸುತ್ತಿದ್ದವಳು ಮನೆಯ ಯಜಮಾನಿತಿ, ಮಾತುಕತೆಯ ವರ್ತುಲದೊಳಗೇ ಇರುತ್ತಿದ್ದಳು.

ಇದಕ್ಕೆ ಪ್ರತಿಯಾಗಿ ಆ ಕಾಲದ ಸಾಧಾರಣ ಪೆಟ್ರೋಲ್ ಕಾರು ಮೇಲೆ ಬಟ್ಟೆಯ ಹೊದಿಕೆಯುಳ್ಳ ತೆರೆದ ಗಾಡಿ. ಧೂಳು, ಮಳೆ, ಎಣ್ಣೆಯ ವಾಸನೆ ಎಲ್ಲವೂ ಸವಾರರ ಪಾಲಿಗೆ. ಮುಂದುಗಡೆ ನಿಂತು ಹ್ಯಾಂಡಲ್ ಹೊಡೆದು ಯಂತ್ರವನ್ನು ಎಬ್ಬಿಸಬೇಕು. ಹ್ಯಾಂಡಲ್ ಹಿಂದಕ್ಕೆ ಒದ್ದರೆ ಕೈ ಮುರಿಯುವ ಭಯವೂ ಇದ್ದಿತು. ಹೆನ್ರಿ ಫೋರ್ಡನ ಪತ್ನಿ ಕ್ಲಾರಾ ಫೋರ್ಡ್ ಉಪಯೋಗಿಸುತ್ತಿದ್ದುದು ತನ್ನ ಗಂಡನ ಕಾರ್ಖಾನೆಯ ಗಾಡಿಯನ್ನಲ್ಲ, 1914ರ ಡೆಟ್ರಾಯಿಟ್ ಇಲೆಕ್ಟ್ರಿಕ್ ಗಾಡಿಯನ್ನು. ಆ ಗಾಡಿ ಡಿಯರ್‌ಬಾರ್ನಿನಲ್ಲಿರುವ ಫೋರ್ಡ್ ವಸ್ತುಸಂಗ್ರಹಾಲಯದಲ್ಲಿ ಉಳಿದುಬಂದಿದೆ. ಫೋರ್ಡನ ‘ಮಾಡಲ್ ಟಿ’ ಗಾಡಿಗೆ ವಿದ್ಯುತ್ ಸ್ಟಾರ್ಟರು ದೊರೆತದ್ದು 1919ರಲ್ಲಿ ಎಂಬುದನ್ನು ನೆನೆದರೆ, ಆಕೆಯ ಆಯ್ಕೆಯನ್ನು ಶ್ರೀಮಂತ ಗೃಹಿಣಿಯ ಚಾಪಲ್ಯವೆಂದು ತಳ್ಳಿಹಾಕುವ ಹಾಗಿಲ್ಲ.

ಈ ಸ್ಪರ್ಧೆಯಲ್ಲಿ ವಿದ್ಯುತ್ ಕಾರು ಸೋತುದಕ್ಕೆ ಸಾಮಾನ್ಯವಾಗಿ ಹೇಳುವ ಕಾರಣಗಳು ಮೂರು ನಾಲ್ಕು: ಬ್ಯಾಟರಿಯ ದೌರ್ಬಲ್ಯ, ಬೆಲೆಯ ಆಧಿಕ್ಯ, ಹಳ್ಳಿಗಾಡಿನಲ್ಲಿ ವಿದ್ಯುತ್ತಿನ ಅಭಾವ, 1912ರ ಕ್ಯಾಡಿಲ್ಯಾಕ್ ಗಾಡಿಗಳಲ್ಲಿ ಬಂದ ಚಾರ್ಲ್ಸ್ ಕೆಟರಿಂಗನ ಸ್ಟಾರ್ಟರು. ಇವು ಯಾವುವೂ ಸುಳ್ಳಲ್ಲ. ಅಮೆರಿಕದ ಇಂಧನ ಇಲಾಖೆ ಕೊಡುವ ಲೆಕ್ಕದಂತೆ 1912ರಲ್ಲಿ ಪೆಟ್ರೋಲ್ ಕಾರು 650 ಡಾಲರಿಗೆ ಸಿಗುತ್ತಿದ್ದಾಗ ವಿದ್ಯುತ್ ಕಾರಿಗೆ 1,750 ಡಾಲರು ಕೊಡಬೇಕಾಗಿದ್ದಿತು. ಆದರೆ ಬೆಲೆಯೊಂದೇ ಕಾರಣವಾಗಿದ್ದರೆ, ದುಬಾರಿ ಪೆಟ್ರೋಲ್ ಕಾರುಗಳನ್ನು ಕೊಳ್ಳುತ್ತಿದ್ದ ಸಾವಿರಾರು ಮನೆಗಳವರು ಅದೇ ಹಣಕ್ಕೆ ವಿದ್ಯುತ್ ಕಾರನ್ನು ಏಕೆ ಕೊಳ್ಳಲಿಲ್ಲ? ಮೈಕೆಲ್ ಶಿಫರ್ ಅವರು 1994ರ ತಮ್ಮ ಗ್ರಂಥದಲ್ಲಿ ಈ ಪ್ರಶ್ನೆಗೆ ಕೊಟ್ಟಿರುವ ಉತ್ತರ ವಿಚಾರಾರ್ಹವಾಗಿದೆ. ಬಹಳ ಸಿರಿವಂತರ ಮನೆಗಳಲ್ಲಿ ಎರಡು ಕಾರುಗಳಿದ್ದವು: ಪ್ರವಾಸಕ್ಕೆ ಪೆಟ್ರೋಲಿನದು, ಪಟ್ಟಣದ ಓಡಾಟಕ್ಕೆ ವಿದ್ಯುತ್ತಿನದು. ಮಧ್ಯಮವರ್ಗದ ಮನೆಗೆ ಒಂದೇ ಕಾರು. ಅಂಗಡಿ, ನೆಂಟರ ಮನೆ, ಮಕ್ಕಳ ಶಾಲೆ ಇವುಗಳಿಗೆ ಬೇಕಾದ ಕಾರೇ, ವರ್ಷಕ್ಕೆ ಕೆಲವೇ ದಿನಗಳ ಪ್ರವಾಸಕ್ಕೆ ಬೇಕಾದ ಕಾರೇ ಎಂಬ ಪ್ರಶ್ನೆ ಎದ್ದಾಗ ಹಣ ಯಾರ ಕೈಯಲ್ಲಿದ್ದಿತೋ ಅವರ ಇಚ್ಛೆಯೇ ನಡೆಯಿತು. ಹಣವಾದರೋ ಗಂಡಸರ ಕೈಯಲ್ಲಿದ್ದಿತು.

ಶಿಫರ್ ಅವರ ಈ ವಾದವನ್ನು ನಾವು ಬಹುಮಟ್ಟಿಗೆ ಒಪ್ಪುತ್ತೇವೆ. ಆದರೆ ಎರಡು ಎಚ್ಚರಿಕೆಗಳು ಅಗತ್ಯ. ಮೊದಲನೆಯದಾಗಿ, ಇಂತಹ ವಾದಕ್ಕೆ ಆಧಾರವಾಗಿ ದೊರೆಯುವ ಸಾಮಗ್ರಿಯ ದೊಡ್ಡ ಪಾಲು ಪತ್ರಿಕೆಗಳ ಜಾಹೀರಾತು. ಕೊಳ್ಳುವವನನ್ನು ಕುರಿತು ಮಾರುವವನ ಊಹೆ ಏನೆಂಬುದನ್ನು ಜಾಹೀರಾತು ತೋರಿಸುತ್ತದೆಯೇ ಹೊರತು ಮನೆಯೊಳಗೆ ನಡೆದ ಮಾತನ್ನಲ್ಲ. ಎರಡನೆಯದಾಗಿ, ಹೆಂಗಸರಿಗೆ ಸುಖವೇ ಬೇಕು, ಗಂಡಸರಿಗೆ ವೇಗವೇ ಬೇಕು ಎಂಬ ವಿಭಾಗವನ್ನು ನಾವೂ ಸತ್ಯವೆಂದು ಸ್ವೀಕರಿಸಿಬಿಡುವ ಅಪಾಯವಿದೆ. ವರ್ಜೀನಿಯಾ ಶಾರ್ಫ್ ಅವರು 1991ರಲ್ಲಿಯೇ ತೋರಿಸಿದ್ದಂತೆ, ದೂರ ಹೋಗಬೇಕೆಂಬ, ಗುಡ್ಡ ಹತ್ತಬೇಕೆಂಬ ಆಸೆ ಹೆಂಗಸರಿಗೂ ಇದ್ದಿತು. ತಯಾರಕರು ಅವರನ್ನು ವಿದ್ಯುತ್ ಕಾರಿಗೇ ಗಂಟುಹಾಕಿದ್ದರಿಂದ ಆ ಕಾರಿಗೆ ‘ಹೆಂಗಸರ ಗಾಡಿ’ ಎಂಬ ಹೆಸರು ಅಂಟಿಕೊಂಡಿತು. ಆ ಹೆಸರು ಅಂಟಿದ ಮೇಲೆ ಗಂಡಸರು ಅದರಿಂದ ದೂರ ಸರಿದರು. ಡೆಟ್ರಾಯಿಟ್ ಇಲೆಕ್ಟ್ರಿಕ್ ಕಂಪನಿಯೇ ಮುಂದೆ ತನ್ನ ಕೆಲವು ಗಾಡಿಗಳಿಗೆ ಪೆಟ್ರೋಲ್ ಕಾರಿನಂತೆ ಕಾಣುವ ಹುಸಿ ಬಾನೆಟ್ಟನ್ನು ಜೋಡಿಸಿತು. ಒಳಗೆ ಎಂಜಿನ್ನಿಲ್ಲದ ಬಾನೆಟ್ಟು! ಸಾಮರ್ಥ್ಯವೆಂಬುದು ಎಷ್ಟರಮಟ್ಟಿಗೆ ರೂಪದ ವಿಷಯವಾಗಿದ್ದಿತೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯವನ್ನು ನಾವು ಕಾಣೆವು.

ಇಷ್ಟಾದರೂ ಸೋತುದು ಸುಖವಲ್ಲ. ಈ ಅಂಶ ಅನೇಕ ವೇಳೆ ಮರೆತುಹೋಗುತ್ತದೆ. 1919ರಲ್ಲಿ ಅಮೆರಿಕದಲ್ಲಿ ಮಾರಾಟವಾದ ಕಾರುಗಳಲ್ಲಿ ಸುತ್ತಲೂ ಮುಚ್ಚಿದ ಮೈಯ ಗಾಡಿಗಳು ಸುಮಾರು ನೂರಕ್ಕೆ 10. 1927ರ ವೇಳೆಗೆ ಸುಮಾರು 85. ಸ್ಟಾರ್ಟರು, ಮುಚ್ಚಿದ ಮೈ, ಮೆತ್ತನೆಯ ಪೀಠ, ತಗ್ಗಿದ ಸದ್ದು, ಹೀಗೆ ವಿದ್ಯುತ್ ಕಾರು ಯಾವುದಕ್ಕಾಗಿ ಪ್ರಸಿದ್ಧವಾಗಿದ್ದಿತೋ ಅದನ್ನೆಲ್ಲ ಪೆಟ್ರೋಲ್ ಕಾರು ಹದಿನೈದು ವರ್ಷಗಳೊಳಗೆ ತನ್ನದಾಗಿಸಿಕೊಂಡಿತು. ಡಚ್ ವಿದ್ವಾಂಸರಾದ ಗೈಸ್ ಮೊಮ್ ಅವರು 2004ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಈ ಪ್ರಕ್ರಿಯೆಯನ್ನು ವಿಸ್ತಾರವಾಗಿ ನಿರೂಪಿಸಿದ್ದಾರೆ. ಅವರ ದೃಷ್ಟಿಯಲ್ಲಿ ಆರಂಭದ ಪೆಟ್ರೋಲ್ ಕಾರು ಒಂದು ಸಾಹಸಯಂತ್ರ. ಅದು ಎದುರಾಳಿಯ ಗುಣಗಳನ್ನು ಒಂದೊಂದಾಗಿ ಮೈಗೂಡಿಸಿಕೊಂಡು ಗೃಹಸ್ಥಾಶ್ರಮಕ್ಕೆ ಇಳಿಯಿತು. ಅಂದಮೇಲೆ 1910ರ ಕುಟುಂಬಗಳು ಸುಖವನ್ನು ಬಿಟ್ಟು ಸಾಮರ್ಥ್ಯವನ್ನು ಆರಿಸಿಕೊಂಡವೆಂದು ಹೇಳುವುದು ಅರ್ಧಸತ್ಯ. ಅವು ಮೊದಲು ಸಾಮರ್ಥ್ಯವನ್ನು ಕೊಂಡು, ಸುಖ ಅದರ ಹಿಂದೆ ಬರುವವರೆಗೆ ಕಾದವು.

ವಿದ್ಯುತ್ ಕಾರಿನ ಪುನರಾಗಮನದ ಮೊದಲ ಘಟ್ಟವನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. ಕ್ಯಾಲಿಫೋರ್ನಿಯಾ ಸಂಸ್ಥಾನವು 1990ರಲ್ಲಿ ಹೊಗೆರಹಿತ ವಾಹನಗಳನ್ನು ಕಡ್ಡಾಯ ಮಾಡುವ ನಿಯಮವನ್ನು ತಂದಿತು. 1996ರಲ್ಲಿ ಜನರಲ್ ಮೋಟಾರ್ಸ್ ಕಂಪನಿ ‘ಇವಿ1’ ಎಂಬ ಕಾರನ್ನು ಬಾಡಿಗೆಯ ಕರಾರಿನ ಮೇಲೆ ಕೊಡತೊಡಗಿತು. ಗಾಳಿಯ ತಡೆಯನ್ನು ಅಳೆಯುವ ಗುಣಕ ಈ ಗಾಡಿಗೆ ಕೇವಲ 0.19. ಸೀಸದ ಬ್ಯಾಟರಿಯಲ್ಲಿಯೂ ಚುರುಕಾಗಿ ಓಡುತ್ತಿದ್ದ ಈ ಕಾರಿನಲ್ಲಿ ಇದ್ದುದು ಎರಡೇ ಪೀಠಗಳು. ಗಾಳಿಯನ್ನು ಸೀಳುವ ನೀರಹನಿಯ ಆಕಾರದಲ್ಲಿ ಹಿಂಬದಿಯ ಸವಾರರಿಗೆ ತಲೆಯೆತ್ತಲು ಸ್ಥಳವಿರಲಿಲ್ಲ. ಇಲ್ಲಿ ಕುಟುಂಬವನ್ನು ಹೊರಗೆ ನಿಲ್ಲಿಸಿದುದು ವೇಗದ ಆಸೆಯಲ್ಲ, ಒಂದು ಚಾರ್ಜಿನಲ್ಲಿ ಇನ್ನಷ್ಟು ದೂರ ಓಡಬೇಕೆಂಬ ಆಸೆ.

ಇದೇ ಕಾಲದಲ್ಲಿ ಈ ಚರಿತ್ರೆಗೂ ನಮ್ಮ ಬೆಂಗಳೂರಿಗೂ ಸಂಬಂಧ ಕೂಡಿತು. 1994ರಲ್ಲಿ ಬೆಂಗಳೂರಿನ ಮೈನಿ ಸಮೂಹ ಮತ್ತು ಅಮೆರಿಕದ ಅಮೆರಿಗಾನ್ ಕಂಪನಿಗಳ ಸಹಭಾಗಿತ್ವದಲ್ಲಿ ಸ್ಥಾಪಿತವಾದ ಸಂಸ್ಥೆ 2001ರಲ್ಲಿ ‘ರೇವಾ’ ಎಂಬ ಪುಟ್ಟ ಕಾರನ್ನು ಮಾರುಕಟ್ಟೆಗೆ ತಂದಿತು. ಉದ್ದ 2.64 ಮೀಟರು, ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು, 48 ವೋಲ್ಟಿನ ಸೀಸದ ಬ್ಯಾಟರಿ, ವೇಗ ಗಂಟೆಗೆ ಸುಮಾರು 65 ಕಿಲೋಮೀಟರು, ಓಟದ ದೂರ ಸುಮಾರು 80 ಕಿಲೋಮೀಟರು. 2004ರಿಂದ ಇದು ‘ಜಿ-ವಿಜ್’ ಎಂಬ ಹೆಸರಿನಲ್ಲಿ ಲಂಡನ್ ನಗರದಲ್ಲಿಯೂ ಮಾರಾಟವಾಯಿತು. ಅಲ್ಲಿ ನಗರ ಪ್ರವೇಶದ ಸುಂಕದಿಂದ ಇದಕ್ಕೆ ವಿನಾಯಿತಿಯಿದ್ದಿತು. ಸುಖ, ಸಾಮರ್ಥ್ಯ ಎರಡರಲ್ಲಿಯೂ ರೇವಾ ಬಡವಾದ ಕಾರೆಂದು ಹೇಳುವುದು ಸುಲಭ. ಆದರೆ ಹಿಂಬದಿಯ ಪೀಠವನ್ನು ಮಕ್ಕಳಿಗೆಂದು ಮೀಸಲಿಟ್ಟ ಆ ರಚನೆಯಲ್ಲಿ ಒಂದು ಗ್ರಹಿಕೆ ಅಡಗಿದೆ: ಗಂಡ, ಹೆಂಡತಿ, ಇಬ್ಬರು ಮಕ್ಕಳು ಎಂಬ ಸಣ್ಣ ಸಂಸಾರವೇ ಪಟ್ಟಣದ ಸಂಸಾರ, ಮತ್ತು ಆ ಮನೆಯಲ್ಲಿ ಇನ್ನೊಂದು ಕಾರು ಇರುತ್ತದೆ. ಅಜ್ಜಿ ತಾತಂದಿರು ಈ ಲೆಕ್ಕದಲ್ಲಿ ಬರುವುದಿಲ್ಲ. ಹಬ್ಬಕ್ಕೆ ಊರಿಗೆ ಹೋಗುವ ಪ್ರಯಾಣವೂ ಬರುವುದಿಲ್ಲ. ಶಿಫರ್ ಹೇಳಿದ ಎರಡು ಕಾರುಗಳ ಮನೆ ಹೀಗೆ ನೂರು ವರ್ಷಗಳ ತರುವಾಯ ಬೆಂಗಳೂರಿನ ನಕ್ಷೆಯ ಮೇಲೆ ಮತ್ತೆ ಕಾಣಿಸಿಕೊಂಡಿತು. ಸಂಸ್ಥೆಯ ಹೆಚ್ಚಿನ ಪಾಲನ್ನು 2010ರಲ್ಲಿ ಮಹೀಂದ್ರ ಕಂಪನಿ ಕೊಂಡಿತು.

ಪ್ರಾಸಂಗಿಕವಾಗಿ ಒಂದು ಮಾತು. ರೇವಾ ಯೋಜನೆಯಲ್ಲಿ ಸಹಭಾಗಿಯಾಗಿದ್ದ ಅಮೆರಿಗಾನ್ ಕಂಪನಿ ತರುವಾಯ ವಿದ್ಯುತ್ ಕಾರುಗಳ ಉದ್ಯಮವನ್ನು ಬಿಟ್ಟು, ಕುಳಿತವರಿಗೆ ಬಿಸಿ ಅಥವಾ ತಂಪನ್ನು ಕೊಡುವ ಕಾರಿನ ಪೀಠಗಳನ್ನು ತಯಾರಿಸುವುದರಲ್ಲಿ ಹೆಸರು ಮಾಡಿತು. ಇಂದು ಅದರ ಹೆಸರು ಜೆಂಥರ್ಮ್. ಇದನ್ನು ಕೇವಲ ಆಕಸ್ಮಿಕವೆಂದು ಬಿಡಲಾಗದು. ಗಾಡಿಯೊಳಗಿನ ಗಾಳಿಯನ್ನೆಲ್ಲ ತಣಿಸುವುದಕ್ಕಿಂತ ಕುಳಿತವರ ಬೆನ್ನಿಗೆ ಮಾತ್ರ ತಂಪು ಮುಟ್ಟಿಸಿದರೆ ಬ್ಯಾಟರಿಗೆ ಹೊರೆ ಕಡಿಮೆ.

ಇಲ್ಲಿ ಸುಖ ಮತ್ತು ಸಾಮರ್ಥ್ಯಗಳ ಸಂಬಂಧದ ಭೌತಿಕ ಆಧಾರವನ್ನು ವಿವರಿಸುವುದು ಅವಶ್ಯಕ. ಇಲ್ಲವಾದರೆ ಹಳೆಯ ತಕ್ಕಡಿಯ ಕಲ್ಪನೆಯೇ ಮುಂದುವರಿಯುತ್ತದೆ. ಪೆಟ್ರೋಲ್ ಎಂಜಿನ್ನು ತಾನು ಉರಿಸಿದ ಇಂಧನದ ಬಹುಪಾಲನ್ನು ಶಾಖವಾಗಿ ಕಳೆದುಕೊಳ್ಳುತ್ತದೆ. ಚಳಿಯ ದೇಶಗಳಲ್ಲಿ ಗಾಡಿಯೊಳಗನ್ನು ಬೆಚ್ಚಗಿಡುವುದು ಈ ಪುಕ್ಕಟೆ ಶಾಖದಿಂದ. ವಿದ್ಯುತ್ ಮೋಟಾರಿನಲ್ಲಿ ಇಂತಹ ನಷ್ಟ ಅತ್ಯಲ್ಪ. ಆದುದರಿಂದ ಸುಖಕ್ಕೆ ಬೇಕಾದ ಬಿಸಿಯೂ ತಂಪೂ ಬ್ಯಾಟರಿಯಿಂದಲೇ ಬರಬೇಕು. ನಿದರ್ಶನಕ್ಕಾಗಿ ಹವಾನಿಯಂತ್ರಣಕ್ಕೆ ಒಂದೂವರೆ ಕಿಲೋವಾಟ್ ಬೇಕೆಂದಿಟ್ಟುಕೊಳ್ಳೋಣ. ಪಟ್ಟಣದ ದಟ್ಟಣೆಯಲ್ಲಿ ಗಂಟೆಗೆ 20 ಕಿಲೋಮೀಟರು ಸಾಗುವ ಕಾರು ಒಂದು ಗಂಟೆಯಲ್ಲಿ ಇದಕ್ಕಾಗಿ ಒಂದೂವರೆ ಯೂನಿಟ್ ವೆಚ್ಚ ಮಾಡುತ್ತದೆ. ಎಂದರೆ 100 ಕಿಲೋಮೀಟರಿಗೆ ಏಳೂವರೆ ಯೂನಿಟ್. ಹೆದ್ದಾರಿಯಲ್ಲಿ 80 ಕಿಲೋಮೀಟರು ವೇಗದಲ್ಲಿ ಹೋಗುವಾಗ ಅದೇ ತಂಪಿಗೆ 100 ಕಿಲೋಮೀಟರಿಗೆ ಎರಡು ಯೂನಿಟ್ ಕೂಡ ಬೇಕಾಗುವುದಿಲ್ಲ. ವೇಗದ ಮಾತು ಇದಕ್ಕೆ ವಿಪರೀತ. ಗಾಳಿಯ ತಡೆ ವೇಗದ ವರ್ಗದಂತೆ ಹೆಚ್ಚುವುದರಿಂದ 80ರಿಂದ 100ಕ್ಕೆ ಏರಿದರೆ ಗಾಳಿಯ ಪಾಲಿಗೆ ಪ್ರತಿ ಕಿಲೋಮೀಟರಿಗೆ ತೆರಬೇಕಾದ ಶಕ್ತಿ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಹೀಗೆ ಪಟ್ಟಣದಲ್ಲಿ ಬ್ಯಾಟರಿಯನ್ನು ತಿನ್ನುವುದು ಸುಖ, ಹೆದ್ದಾರಿಯಲ್ಲಿ ತಿನ್ನುವುದು ವೇಗ. ಎರಡೂ ಒಂದೇ ಉಗ್ರಾಣದಿಂದ ಉಣ್ಣುತ್ತವೆ. ಆದರೆ ಒಂದೇ ಹೊತ್ತಿನಲ್ಲಿ ಅಲ್ಲ.

ಇನ್ನು ‘ಸಾಮರ್ಥ್ಯ’ವೆಂಬ ಒಂದೇ ಪದದಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಸೇರಿಕೊಂಡಿವೆ: ನಿಂತಲ್ಲಿಂದ ಚಿಮ್ಮುವ ವೇಗೋತ್ಕರ್ಷ, ಮುಟ್ಟಬಲ್ಲ ಪರಮ ವೇಗ, ಒಂದು ಚಾರ್ಜಿಗೆ ಓಡುವ ದೂರ. ಪೆಟ್ರೋಲ್ ಯುಗದಲ್ಲಿ ವೇಗೋತ್ಕರ್ಷ ಬಹು ದುಬಾರಿಯಾಗಿದ್ದಿತು. ದೊಡ್ಡ ಎಂಜಿನ್ನು, ಹೆಚ್ಚು ಸದ್ದು, ಹೆಚ್ಚು ಇಂಧನ. ವಿದ್ಯುತ್ ಮೋಟಾರು ಮೊದಲ ಸುತ್ತಿನಿಂದಲೇ ತನ್ನ ಪೂರ್ಣ ತಿರುಚುಬಲವನ್ನು ಕೊಡುವುದರಿಂದ ಅದೀಗ ಬಹುತೇಕ ಅಗ್ಗವಾಗಿ ದೊರೆಯುತ್ತದೆ. 2012ರಲ್ಲಿ ಬಂದ ಟೆಸ್ಲಾ ಕಂಪನಿಯ ‘ಮಾಡಲ್ ಎಸ್’ ಐದು ಜನರ ಕುಟುಂಬ ಕಾರು. ಬೇಕೆಂದವರಿಗೆ ಡಿಕ್ಕಿಯ ಜಾಗದಲ್ಲಿ ಹಿಂದಕ್ಕೆ ಮುಖಮಾಡಿದ ಎರಡು ಮಕ್ಕಳ ಪೀಠಗಳನ್ನೂ ಒದಗಿಸುತ್ತಿದ್ದರು. ಅದೇ ಕಾರಿನ 2014ರ ಒಂದು ರೂಪ ನಿಂತಲ್ಲಿಂದ ಗಂಟೆಗೆ 60 ಮೈಲಿಯ ವೇಗವನ್ನು 3.2 ಸೆಕೆಂಡುಗಳಲ್ಲಿ ಮುಟ್ಟುವುದೆಂದು ಕಂಪನಿ ಸಾರಿತು. ಪಂದ್ಯದ ಕಾರಿಗೆ ಒಪ್ಪುವ ಈ ಚಿಮ್ಮುವಿಕೆ ಮಕ್ಕಳೊಡನೆ ಹೋಗುವವರಿಗೆ ಏತಕ್ಕೆ ಬೇಕೆಂಬ ಪ್ರಶ್ನೆಯನ್ನು ಕೇಳಿದವರು ಕಡಿಮೆ. ಡೆಟ್ರಾಯಿಟ್ ಗಾಡಿಯ ಹುಸಿ ಬಾನೆಟ್ಟಿನ ಸ್ಥಾನವನ್ನು ಈ ಸೆಕೆಂಡುಗಳ ಅಂಕಿ ವಹಿಸಿಕೊಂಡಿತೆಂದು ಹೇಳಿದರೆ ಅದು ತೀರ ಅನ್ಯಾಯದ ಮಾತಾಗಲಾರದು.

ಹಾಗಾದರೆ ಈಗ ಸುಖದ ನಿಜವಾದ ಪ್ರತಿಸ್ಪರ್ಧಿ ಯಾವುದು? ನಮ್ಮ ಅಭಿಪ್ರಾಯದಲ್ಲಿ ಅದು ಓಟದ ದೂರ. ದೂರ ಹೆಚ್ಚಬೇಕಾದರೆ ಬ್ಯಾಟರಿ ದೊಡ್ಡದಾಗಬೇಕು. ಬ್ಯಾಟರಿ ಇರುವುದು ಸಾಮಾನ್ಯವಾಗಿ ನೆಲದಡಿಯಲ್ಲಿ. ನೆಲ ಮೇಲೇರಿದರೆ ಹಿಂಬದಿಯಲ್ಲಿ ಕುಳಿತವರ ಮಂಡಿ ಮೇಲೇಳುತ್ತದೆ, ತೊಡೆಗೆ ಆಸರೆ ತಪ್ಪುತ್ತದೆ. ಅರ್ಧ ಗಂಟೆಯ ಪ್ರಯಾಣದಲ್ಲಿ ತಿಳಿಯದ ಈ ಕೊರತೆ ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಹೋಗುವ ಹಿರಿಯರ ಸೊಂಟಕ್ಕೆ ಚೆನ್ನಾಗಿ ತಿಳಿಯುತ್ತದೆ. ಚಾವಣಿಯನ್ನು ಎತ್ತರಿಸಿದರೆ ಗಾಳಿಯ ತಡೆ ಹೆಚ್ಚಿ ದೂರ ಕಡಿಮೆಯಾಗುತ್ತದೆ. 2019ರಲ್ಲಿ ಪೋರ್ಷೆ ಕಂಪನಿ ತನ್ನ ‘ಟೈಕಾನ್’ ಕಾರಿನಲ್ಲಿ ಹಿಂಬದಿಯ ಸವಾರರ ಪಾದಗಳಿರುವಲ್ಲಿ ಬ್ಯಾಟರಿಯನ್ನೇ ಇಡದೆ ನೆಲವನ್ನು ತಗ್ಗಿಸಿತು. ಸುಖಕ್ಕಾಗಿ ಬ್ಯಾಟರಿಯ ಒಂದು ಭಾಗವನ್ನು ಬಿಟ್ಟುಕೊಟ್ಟ ಈ ಪರಿಹಾರ ಬಂದುದು ಓಟಕ್ಕೆ ಹೆಸರಾದ ಕಂಪನಿಯಿಂದ ಎಂಬುದು ಸ್ವಾರಸ್ಯಕರ.

ಭಾರತದಲ್ಲಿ 2020ರ ಜನವರಿಯಲ್ಲಿ ಬಂದ ಟಾಟಾ ‘ನೆಕ್ಸಾನ್’ ವಿದ್ಯುತ್ ಕಾರು, ಪೆಟ್ರೋಲ್ ಮತ್ತು ಡೀಸೆಲ್ ರೂಪಗಳಿದ್ದ ಗಾಡಿಯ ಮೈಯಲ್ಲಿಯೇ 30.2 ಯೂನಿಟ್ಟಿನ ಬ್ಯಾಟರಿಯನ್ನು ಅಳವಡಿಸಿದ ವಾಹನ. ಅಲ್ಲಿ ಒಳಗಿನ ರಚನೆಯನ್ನು ಹೊಸದಾಗಿ ಯೋಚಿಸುವ ಅವಕಾಶ ಸ್ವಲ್ಪವೇ. ಆಯ್ಕೆಯ ಪ್ರಶ್ನೆ ಸ್ಪಷ್ಟ ರೂಪದಲ್ಲಿ ಎದುರಾದದ್ದು 2024ರಲ್ಲಿ. ಆ ವರ್ಷದ ಸೆಪ್ಟೆಂಬರಿನಲ್ಲಿ ಎಂ.ಜಿ. ಕಂಪನಿಯ ‘ವಿಂಡ್ಸರ್’ ಬಂದಿತು. 38 ಯೂನಿಟ್ಟಿನ ಬ್ಯಾಟರಿ, 136 ಅಶ್ವಶಕ್ತಿಯ ಮೋಟಾರು, 604 ಲೀಟರಿನ ಡಿಕ್ಕಿ. 135 ಅಂಶಗಳವರೆಗೆ ಹಿಂದಕ್ಕೆ ಒರಗುವ ಹಿಂಬದಿಯ ಪೀಠವೇ ಇದರ ಮುಖ್ಯ ಆಕರ್ಷಣೆ. ಸೋಫಾ ಮತ್ತೆ ಬಂದಿತು. ಬ್ಯಾಟರಿಯನ್ನು ಕೊಳ್ಳದೆ ಕಿಲೋಮೀಟರಿಗೆ ಇಷ್ಟೆಂದು ಬಾಡಿಗೆ ತೆರುವ ಏರ್ಪಾಡನ್ನೂ ಜೊತೆಗೆ ತಂದರು. ಷಿಕಾಗೋ ನಗರದಲ್ಲಿ 1917ರಿಂದ ಮಿಲ್‌ಬರ್ನ್ ಎಂಬ ವಿದ್ಯುತ್ ಕಾರನ್ನು ಬ್ಯಾಟರಿಯಿಲ್ಲದೆ ಕೊಳ್ಳುವ ಅವಕಾಶವಿದ್ದುದನ್ನು ಬಲ್ಲವರಿಗೆ ಇದು ಹೊಸ ಸಂಗತಿಯಲ್ಲ. 2024ರ ಅಕ್ಟೋಬರಿನಿಂದ ಹಲವು ತಿಂಗಳ ಕಾಲ ಭಾರತದಲ್ಲಿ ಅತ್ಯಧಿಕವಾಗಿ ಮಾರಾಟವಾದ ವಿದ್ಯುತ್ ಕಾರು ಈ ವಿಂಡ್ಸರ್.

ಎರಡು ತಿಂಗಳ ತರುವಾಯ, 2024ರ ನವೆಂಬರಿನಲ್ಲಿ, ಮಹೀಂದ್ರ ಕಂಪನಿ ‘ಬಿಇ 6’ ಮತ್ತು ‘ಎಕ್ಸ್‌ಇವಿ 9ಇ’ ಎಂಬ ಎರಡು ಕಾರುಗಳನ್ನು ಒಟ್ಟಿಗೆ ಹೊರತಂದಿತು. ಚರಿತ್ರೆಯಲ್ಲಿ ಪ್ರಯೋಗಶಾಲೆಯ ಅನುಕೂಲ ನಮಗೆ ಅಪರೂಪ. ಇಲ್ಲಿ ಅದಕ್ಕೆ ಸಮೀಪವಾದುದು ದೊರೆತಿದೆ. ಎರಡು ಕಾರುಗಳ ತಳಹದಿ ಒಂದೇ. ದೊಡ್ಡ ಬ್ಯಾಟರಿ ಎರಡರಲ್ಲಿಯೂ 79 ಯೂನಿಟ್ಟಿನದು. ಮುಂದಿನ ಹಿಂದಿನ ಚಕ್ರಗಳ ನಡುವಣ ಅಂತರವೂ ಒಂದೇ, 2,775 ಮಿಲಿಮೀಟರು. ನಿಂತಲ್ಲಿಂದ 100 ಕಿಲೋಮೀಟರು ವೇಗಕ್ಕೆ ಒಂದು 6.7 ಸೆಕೆಂಡು, ಇನ್ನೊಂದು 6.8 ಸೆಕೆಂಡು ಎಂದು ಕಂಪನಿಯ ಹೇಳಿಕೆ. ಭೇದವಿರುವುದು ಮೈಯಲ್ಲಿ. ಬಿಇ 6 ಓಟಗಾರನ ಮೈಕಟ್ಟಿನದು, ನಡೆಸುವವನನ್ನು ವಿಮಾನಚಾಲಕನಂತೆ ಕೂರಿಸುವ ಗಾಡಿ. ಡಿಕ್ಕಿ 455 ಲೀಟರು. ಎಕ್ಸ್‌ಇವಿ 9ಇ ಅದಕ್ಕಿಂತ 40 ಸೆಂಟಿಮೀಟರಿಗೂ ಹೆಚ್ಚು ಉದ್ದ, ಡಿಕ್ಕಿ 663 ಲೀಟರು, ಬೆಲೆಯೂ ಹೆಚ್ಚು. 2025ರ ಫೆಬ್ರವರಿ 14ರಂದು ಬುಕಿಂಗ್ ಆರಂಭವಾದ ಮೊದಲ ದಿನ ಬಂದ 30,179 ಬೇಡಿಕೆಗಳಲ್ಲಿ ನೂರಕ್ಕೆ 56 ಎಕ್ಸ್‌ಇವಿ 9ಇ ಕಾರಿಗೂ 44 ಬಿಇ 6ಕ್ಕೂ ಸಂದವೆಂದು ಕಂಪನಿ ಪ್ರಕಟಿಸಿತು.

ಈ ಅಂಕಿಗಳಿಂದ ಅವಸರದ ನಿರ್ಣಯಕ್ಕೆ ಬರಬಾರದು. ಒಂದು ದಿನದ ಬುಕಿಂಗು ವರ್ಷದ ಮಾರಾಟವಲ್ಲ. ಮೊದಲ ದಿನವೇ ಹಣ ಕಟ್ಟುವವರು ಸಾಧಾರಣ ಗೃಹಸ್ಥರ ಪ್ರತಿನಿಧಿಗಳೂ ಅಲ್ಲ. ಆದರೂ ಓಟದ ಸಾಮರ್ಥ್ಯ ಎರಡರಲ್ಲಿಯೂ ಸಮವಾಗಿದ್ದಾಗ ಹೆಚ್ಚಿನ ಹಣ ತೆತ್ತು ಹೆಚ್ಚಿನ ಸ್ಥಳವನ್ನು ಬಯಸಿದವರೇ ಅಧಿಕವಾಗಿದ್ದರೆಂಬುದು ಸ್ಪಷ್ಟ. 1910ರ ಮನೆಗಳಿಗೆ ಇಂತಹ ಆಯ್ಕೆ ಇರಲಿಲ್ಲ. ಅವರ ಮುಂದಿದ್ದ ಎರಡು ಗಾಡಿಗಳು ವೇಗದಲ್ಲಿ, ದೂರದಲ್ಲಿ, ಬೆಲೆಯಲ್ಲಿ, ಒಳಗಿನ ರಚನೆಯಲ್ಲಿ ಎಲ್ಲದರಲ್ಲಿಯೂ ಬೇರೆಯಾಗಿದ್ದವು. ಉಳಿದ ನೂರಕ್ಕೆ 44ರ ವಿಷಯವೂ ವಿಚಾರಯೋಗ್ಯ. ಕಡಿಮೆ ಬೆಲೆಗಾಗಿ ಅದನ್ನು ಆರಿಸಿದವರು ಎಷ್ಟು ಮಂದಿ, ಓಟಗಾರನ ರೂಪಕ್ಕಾಗಿ ಎಷ್ಟು ಮಂದಿ, ಮನೆಯಲ್ಲಿ ಆಗಲೇ ಇನ್ನೊಂದು ದೊಡ್ಡ ಕಾರು ಇದ್ದುದರಿಂದ ಎಷ್ಟು ಮಂದಿ ಎಂಬುದನ್ನು ಈ ಅಂಕಿ ಬಿಡಿಸಿ ಹೇಳುವುದಿಲ್ಲ. ಬುಕಿಂಗಿನ ಪಟ್ಟಿಯಲ್ಲಿ ಹಣ ಕಟ್ಟಿದವರ ಹೆಸರಿರುತ್ತದೆ. ಹಿಂಬದಿಯ ಪೀಠದಲ್ಲಿ ಕೂರುವವರನ್ನು ಕೇಳಿದರೋ ಇಲ್ಲವೋ ಎಂಬುದು ಅದರಲ್ಲಿ ಇರುವುದಿಲ್ಲ.

ಈ ಕೊರತೆಯನ್ನು ತುಂಬುವ ಕಾರ್ಯ ನಮ್ಮ ಕಾಲೇಜುಗಳ ವಿದ್ಯಾರ್ಥಿಗಳ ಕೈಗೆ ಎಟುಕದ್ದಲ್ಲ. ಅಮೆರಿಕದ ಆ ಮನೆಗಳ ಮಾತನ್ನು ಕೇಳಲು ಈಗ ಯಾರೂ ಉಳಿದಿಲ್ಲ. ನಮಗೆ ದೊರೆತಿರುವುದು ಮಾರಿದವರ ಜಾಹೀರಾತು. 2001ರಿಂದ ಮುಂದಕ್ಕೆ ರೇವಾ ಕೊಂಡವರಾದರೋ ಬೆಂಗಳೂರಿನಲ್ಲಿ ಈಗಲೂ ಸಿಗುತ್ತಾರೆ. ಆ ಪುಟ್ಟ ಕಾರಿನ ಹಿಂಬದಿಯಲ್ಲಿ ಕುಳಿತು ಶಾಲೆಗೆ ಹೋದ ಮಕ್ಕಳು ಈಗ ತಾವೇ ಕಾರು ಕೊಳ್ಳುವ ವಯಸ್ಸಿಗೆ ಬಂದಿದ್ದಾರೆ. ಕಾರನ್ನು ಆರಿಸಿದವರು ಯಾರು, ನಡೆಸಿದವರು ಯಾರು, ಅದು ಮನೆಯ ಮೊದಲ ಕಾರೋ ಎರಡನೆಯದೋ, ಊರಿಗೆ ಹೋಗುವಾಗ ಏನು ಮಾಡುತ್ತಿದ್ದರು ಎಂಬ ನಾಲ್ಕು ಪ್ರಶ್ನೆಗಳನ್ನು ಗಂಡ, ಹೆಂಡತಿ, ಮನೆಯ ಹಿರಿಯರು ಮೂವರಿಗೂ ಪ್ರತ್ಯೇಕವಾಗಿ ಕೇಳಿ ಬರೆದುಕೊಳ್ಳಬೇಕು. ಐವತ್ತು ಮನೆಗಳ ಹೇಳಿಕೆ ದೊರೆತರೂ ಶಿಫರ್ ಅವರ ವಾದವನ್ನು ನಮ್ಮ ನೆಲದಲ್ಲಿ ಪರೀಕ್ಷಿಸಲು ಮೊದಲ ಆಧಾರ ಸಿಕ್ಕಂತಾಗುತ್ತದೆ.